ಕಟ್ಟೆಯ ಮೇಲೆ ಕೂತ ವಸ್ತಾದ

(ಚಡಚಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಅಂಗಸಾಧನೆಯ ಬಗ್ಗೆ ಮಾತಾಡಬೇಕೆಂಬುದು ಈ ದತ್ತಿಯ ಆಶಯ. ಕುಸ್ತಿಯ ವೈಭವ ಹೇಳಲು ನಮ್ಮ ಸೀಮೆಯಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಭೀಮೆಯ ಆಚೆ ಸೊಲ್ಲಾಪುರ, ಈಚೆ ಮಂಗಳವೇಢೆ, ಇನ್ನೂ ದೂರದಲ್ಲಿ ಕೊಲ್ಲಾಪುರ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದ ಮಾತು ನಮ್ಮ ಅಜ್ಜಂದಿರ ಬಾಯಲ್ಲಿ ಪಂಢರಪುರದ ಮಾತಿನಷ್ಟೇ ಭಕ್ತಿಯಿಂದ ಬರುತ್ತಿತ್ತು. ಆದರೆ ಗೆದ್ದವರ ಕಥೆ ಹೇಳಲು ಬೇರೆಯವರಿದ್ದಾರೆ. ನಾನು ಕಲಿಸುವವರ ಬಗ್ಗೆ ಮಾತಾಡುತ್ತೇನೆ. ಗರಡಿಯ ಗುರುವಾದ ವಸ್ತಾದ ತಪ್ಪು ಮಾಡಿದರೆ ಏನಾಗುತ್ತದೆ, ಅದು ತಪ್ಪು ಎಂದು ಅವನಿಗೆ ಹೇಳುವವರು ಯಾರು, ಹೇಳಿದರೆ ಅವನು ಏನು ಮಾಡಬೇಕು ಎಂಬುದು ಇವತ್ತಿನ ವಿಷಯ.

ನಮ್ಮ ಗರಡಿಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಗ್ಗಿ ಒಳಗೆ ಹೋಗುವಂಥ ಬಾಗಿಲು. ನಡುವೆ ಕೆಮ್ಮಣ್ಣಿನ ಕಣ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ, ಲಿಂಬೆ ಬಿದ್ದಿರುತ್ತದೆ. ಲಿಂಬೆಗಾಗಿ ಇಂಡಿ ಸೀಮೆಯವರು ಯಾರ ಬಾಗಿಲಿಗೂ ಹೋಗಬೇಕಿಲ್ಲ. ಗೋಡೆಯಲ್ಲಿ ಹನುಮಪ್ಪ. ಒಂದು ಬದಿಗೆ ಕೂಡಲು ಕಟ್ಟೆ. ಈ ಕಟ್ಟೆಯನ್ನು ನೆನಪಿಟ್ಟುಕೊಳ್ಳಿ, ನನ್ನ ಮಾತೆಲ್ಲ ಇರುವುದು ಇದರ ಸುತ್ತ.

ವಸ್ತಾದ ಹರೆಯದಲ್ಲಿದ್ದಾಗ ಕಣದೊಳಗೇ ಇರುತ್ತಾನೆ. ಬೆಳಗಿನ ಜೋರಿನಲ್ಲಿ, ಅಂದರೆ ಕುಸ್ತಿಯ ಅಭ್ಯಾಸದಲ್ಲಿ, ಒಬ್ಬರ ಹಿಂದೊಬ್ಬರಂತೆ ಹುಡುಗರನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾನೆ, ಪಟ್ಟು ಹಾಕಿ ತೋರಿಸುತ್ತಾನೆ, ಮರುಪಟ್ಟು ಹಾಕಿಸಿಕೊಳ್ಳುತ್ತಾನೆ. ಅಲ್ಲಿ ಸುಳ್ಳಿಗೆ ಜಾಗವಿಲ್ಲ. ಹೇಳಿಕೊಟ್ಟ ಡಾವು ನಡೆಯದಿದ್ದರೆ ಅದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಹದಿನೆಂಟರ ಹುಡುಗನ ಕೈ ಒಂದು ದಿನ ಸೊಂಟಕ್ಕೆ ಬಿಗಿಯಾಗಿ ಕೂತು, ಗುರುವಿನ ಬೆನ್ನು ಮಣ್ಣಿಗೆ ಹತ್ತುತ್ತದೆ. ಹತ್ತಿದ ಮೇಲೆ ಮುಗಿಯಿತು, ಅದಕ್ಕೆ ಭಾಷ್ಯ ಬರೆಯಲಾಗದು. ಉಳಿದ ವಿದ್ಯೆಗಳಲ್ಲಿ ಗುರು ತನ್ನ ತಪ್ಪನ್ನು ಮಾತಿನಲ್ಲಿ ಮುಚ್ಚಿಕೊಳ್ಳಬಹುದು. ಕುಸ್ತಿಯಲ್ಲಿ ಮೈಗೆ ಹತ್ತಿದ ಮಣ್ಣು ಎಲ್ಲರಿಗೂ ಕಾಣುತ್ತದೆ. ಕಣದಲ್ಲಿರುವ ತನಕ ವಸ್ತಾದನಿಗೆ ವಿನಯವನ್ನು ಬೇರೆ ಯಾರೂ ಕಲಿಸಬೇಕಿಲ್ಲ.

ವಯಸ್ಸಾಗುತ್ತದೆ. ಮೊಣಕಾಲು ಸವೆಯುತ್ತದೆ. ಅವನು ಕಟ್ಟೆ ಏರುತ್ತಾನೆ. ಅದು ತಪ್ಪಲ್ಲ, ಎಲ್ಲರೂ ಏರಲೇಬೇಕು. ಆದರೆ ಅಲ್ಲಿಂದ ಮುಂದೆ ಅವನನ್ನು ಯಾರೂ ಕೆಡವುವುದಿಲ್ಲ. ಅವನ ಮಾತಿನಂತೆ ಕುಸ್ತಿಯಾಡಿದ ಹುಡುಗ ಗೆದ್ದರೆ ವಸ್ತಾದನ ವಿದ್ಯೆ ದೊಡ್ಡದು, ಸೋತರೆ ಹುಡುಗನ ಸಾಮು ಸಾಲದು. ಲೆಕ್ಕ ಎರಡೂ ಕಡೆ ಅವನ ಪರವಾಗಿಯೇ ಇರುತ್ತದೆ. ಇಪ್ಪತ್ತು ವರ್ಷ ಹೀಗೆ ಕಳೆದರೆ ಎಷ್ಟೇ ಒಳ್ಳೆಯ ಮನುಷ್ಯನಾದರೂ ತಾನು ತಪ್ಪುವುದಿಲ್ಲ ಎಂದು ನಂಬತೊಡಗುತ್ತಾನೆ. ಅವನನ್ನು ಅಹಂಕಾರಿ ಎಂದು ಬೈದು ನಾವು ಪಾರಾಗಲಾಗದು. ಅವನನ್ನು ತಡೆಯುವ ಒಂದು ಕೈಯೂ ಅವನ ಸುತ್ತ ಉಳಿದಿಲ್ಲ ಎಂಬುದನ್ನು ನೋಡಬೇಕು.

ಕಟ್ಟೆಯ ಮೇಲಿದ್ದೂ ತಪ್ಪದ ಗುರು ನಮ್ಮ ಪುರಾಣದಲ್ಲೂ ಸಿಗುವುದಿಲ್ಲ. ದ್ರೋಣರಿಗಿಂತ ದೊಡ್ಡ ವಸ್ತಾದ ಯಾರು? ತಾವು ಕಲಿಸದ ಬೇಡರ ಹುಡುಗನೊಬ್ಬ ತಮ್ಮ ಶಿಷ್ಯರೆಲ್ಲರನ್ನೂ ಮೀರಿದ್ದಾನೆ ಎಂದು ಕಣ್ಣಾರೆ ಕಂಡಾಗ ಅವರು ಸಂತೋಷಪಡಲಿಲ್ಲ, ಹೆಬ್ಬೆರಳು ಕೇಳಿದರು. ಅರ್ಜುನನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹೀಗೆ ಮಾಡಿದರೆಂದು ಸಮಾಧಾನ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿನಗಿಂತ ಮಿಗಿಲಾದ ಬಿಲ್ಲುಗಾರ ಇರುವುದಿಲ್ಲ ಎಂದು ಯಾವ ಶಿಷ್ಯನಿಗೂ ಮಾತು ಕೊಡುವ ಅಧಿಕಾರ ಯಾವ ಗುರುವಿಗೂ ಇಲ್ಲ. ತಪ್ಪು ಆಗಿದ್ದು ಬೆರಳು ಕೇಳಿದ ದಿನವಲ್ಲ, ಆ ಮಾತು ಕೊಟ್ಟ ದಿನ.

ಬಲರಾಮನದು ಇನ್ನೊಂದು ಬಗೆ. ನಮ್ಮ ಪಕ್ಕದ ಮುಧೋಳದಲ್ಲಿ ಹುಟ್ಟಿದ ರನ್ನ ತನ್ನ ಕಾವ್ಯಕ್ಕೆ ಆರಿಸಿಕೊಂಡಿದ್ದು ಭೀಮ ದುರ್ಯೋಧನರ ಗದೆಯ ಕಾಳಗವನ್ನೇ. ಇಬ್ಬರೂ ಬಲರಾಮನ ಗರಡಿಯವರು. ಭೀಮ ತೊಡೆಗೆ ಹೊಡೆದದ್ದು ನಿಯಮಕ್ಕೆ ಹೊರಗು ಎಂದು ಸಿಟ್ಟಾದ ಬಲರಾಮ ನೇಗಿಲೆತ್ತಿ ಭೀಮನ ಮೇಲೆ ಹೋಗುತ್ತಾನೆ, ಕೃಷ್ಣ ತಡೆಯುತ್ತಾನೆ. ನಿಯಮದ ಮಟ್ಟಿಗೆ ಬಲರಾಮ ಹೇಳಿದ್ದು ಸರಿ. ಆದರೆ ಅದೇ ದುರ್ಯೋಧನ ತುಂಬಿದ ಸಭೆಯಲ್ಲಿ ಮಾಡಿದ್ದು ಆ ಗುರುವಿನ ಕಣ್ಣಿಗೆ ಇಷ್ಟೇ ದೊಡ್ಡದಾಗಿ ಕಂಡಿರಲಿಲ್ಲ. ಗದೆಯನ್ನು ಚೆಂದವಾಗಿ ತಿರುಗಿಸುವ ಶಿಷ್ಯ ಮನುಷ್ಯನಾಗಿಯೂ ಚೆಂದವಾಗಿರುತ್ತಾನೆ ಎಂದು ನಂಬುವುದು ಕಲಿಸುವವರೆಲ್ಲರ ಹಳೆಯ ದೌರ್ಬಲ್ಯ. ಗೆದ್ದು ತರುವ ಪೈಲ್ವಾನ ಊರಲ್ಲಿ ಏನು ಮಾಡಿದರೂ ವಸ್ತಾದರು ಅವನ ಪರ ನಿಲ್ಲುವುದನ್ನು ನೀವೂ ಕಂಡಿದ್ದೀರಿ.

ಇನ್ನು ಅಲ್ಲಮ ಮತ್ತು ಗೋರಕ್ಷರ ಪ್ರಸಂಗ. ಶೂನ್ಯಸಂಪಾದನೆಯಲ್ಲಿ ಬರುತ್ತದೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುತ್ತದೆ. ಬಸವಣ್ಣನವರು ಹುಟ್ಟಿದ ಜಿಲ್ಲೆಯವರಾದ ನಾವು ಇದನ್ನು ಬರೀ ಯೋಗದ ಕಥೆಯೆಂದು ಕೇಳಿದ್ದೇವೆ. ನನಗೆ ಇದು ಅಂಗಸಾಧನೆಯ ಗುರುಗಳಿಗೆಂದೇ ಹೇಳಿದ ಕಥೆಯಾಗಿ ಕಾಣುತ್ತದೆ. ಗೋರಕ್ಷ ಸಾಮಾನ್ಯನಲ್ಲ, ಸಿದ್ಧ, ಶಿಷ್ಯರುಳ್ಳವನು. ಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡಿದ್ದಾನೆ. ಕತ್ತಿ ಕೊಟ್ಟು, ಹೊಡೆದು ನೋಡು ಎಂದು ತಾನೇ ಅಲ್ಲಮನಿಗೆ ಹೇಳುತ್ತಾನೆ. ಕತ್ತಿ ಖಣಿಲೆನ್ನುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಆಮೇಲೆ ಅಲ್ಲಮನ ಸರದಿ. ಗೋರಕ್ಷ ಬೀಸಿದ ಕತ್ತಿ ಬಯಲಲ್ಲಿ ಆಡಿದಂತೆ ಅಲ್ಲಮನ ಮೈಯೊಳಗೆ ಹಾದುಹೋಗುತ್ತದೆ, ಸದ್ದೇ ಇಲ್ಲ. ಎಲ್ಲರೂ ಅಲ್ಲಮನ ಮಹಿಮೆ ಹೇಳಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಮನಸ್ಸು ಹೋಗುವುದು ಗೋರಕ್ಷನ ಕಡೆಗೆ. ಅವನು ಮೋಸ ಎನ್ನಲಿಲ್ಲ, ಮಾಟ ಎನ್ನಲಿಲ್ಲ, ಇನ್ನೊಂದು ಸಲ ನೋಡೋಣ ಎನ್ನಲಿಲ್ಲ. ಜೀವಮಾನದ ಸಾಧನೆ ಅರ್ಧದ್ದು ಎಂದು ಒಂದೇ ಏಟಿನಲ್ಲಿ ಗೊತ್ತಾದಾಗ ಬಾಗಿದ. ಗುರುವಾಗಿದ್ದವನು ಶಿಷ್ಯನಾಗಿ ಮತ್ತೆ ಮೊದಲಿನಿಂದ ಕೂತ. ಹಾಗೆ ಕೂಡಲು ವಜ್ರದ ಮೈಗಿಂತ ಗಟ್ಟಿಯಾದದ್ದು ಏನೋ ಬೇಕು.

ಪುರಾಣ ಬಿಟ್ಟು ಚರಿತ್ರೆಗೆ ಬರುತ್ತೇನೆ. ಜೂಡೋ ವಿದ್ಯೆಯನ್ನು ಕಟ್ಟಿದ ಜಪಾನಿನ ಜಿಗೋರೊ ಕಾನೊ 1882ರಲ್ಲಿ ಟೋಕಿಯೊದ ಒಂದು ಬೌದ್ಧ ಗುಡಿಯಲ್ಲಿ, ಹನ್ನೆರಡು ಚಾಪೆಯ ಜಾಗದಲ್ಲಿ ತಮ್ಮ ಗರಡಿ ಶುರುಮಾಡಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಅವರ ಗುರು ಈಕುಬೊ ಎಂಬುವರು ಶಿಷ್ಯನ ಗರಡಿಗೇ ಬಂದು ಕಲಿಸುತ್ತಿದ್ದರು. ಎಸೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ದಿನ ಕಾನೊ ಅವರನ್ನು ಮತ್ತೆ ಮತ್ತೆ ಎಸೆದರು, ಗುರುವಿನ ಒಂದು ಪಟ್ಟೂ ಕಾನೊ ಮೇಲೆ ನಡೆಯಲಿಲ್ಲ. ಐವತ್ತರ ಹತ್ತಿರದ ಆ ಗುರು, ಇದು ಹೇಗಾಯಿತು ಎಂದು ಶಿಷ್ಯನನ್ನೇ ಕೇಳಿದರು. ಎದುರಾಳಿ ಮುಂದೆ ತಳ್ಳುವಾಗ ಎಳೆದು, ಎಳೆಯುವಾಗ ತಳ್ಳಿ, ಮೊದಲು ಅವನ ಸಮತೋಲ ಕೆಡಿಸಬೇಕು, ಎಸೆಯುವುದು ಆಮೇಲೆ ಎಂದು ತಾವು ಕಂಡುಕೊಂಡದ್ದನ್ನು ಕಾನೊ ವಿವರಿಸಿದರು. ಗುರು ಒಪ್ಪಿದರು. ಇನ್ನು ನಿನಗೆ ಕಲಿಸಲು ನನ್ನಲ್ಲೇನೂ ಉಳಿದಿಲ್ಲ ಎಂದರು. ತಮ್ಮ ಪರಂಪರೆಯ ಹಸ್ತಪ್ರತಿಗಳನ್ನೂ ಶಿಷ್ಯನ ಕೈಗೆ ಒಪ್ಪಿಸಿದರು. ಸಮತೋಲ ಕೆಡಿಸುವುದು ಜೂಡೋದ ಬುನಾದಿಯಾದ ತತ್ವ. ಸಿಟ್ಟಾಗದೆ ಪ್ರಶ್ನೆ ಕೇಳಿದ ಒಬ್ಬ ಗುರು ಇದ್ದದ್ದರಿಂದ ಅದು ಅವತ್ತೇ ಮಾತಿಗೆ ಬಂದು ನಿಂತಿತು.

ಕಾನೊ ಆ ದಿನವನ್ನು ಮರೆಯಲಿಲ್ಲವೆಂದು ಕಾಣುತ್ತದೆ. 1930ರಲ್ಲಿ, ಜಗತ್ತೇ ಜೂಡೋವನ್ನು ಕಲಿಯುತ್ತಿದ್ದ ಹೊತ್ತಿನಲ್ಲಿ, ಎಪ್ಪತ್ತರ ಕಾನೊ ಮೊರಿಹೇಯಿ ಉಯೆಶಿಬಾ ಎಂಬ ಬೇರೆ ಪರಂಪರೆಯ ಗುರುವಿನ ವಿದ್ಯೆಯನ್ನು ನೋಡಿದರು. ಮೆಚ್ಚಿ ಸುಮ್ಮನಾಗಲಿಲ್ಲ. ತಮ್ಮ ಒಳ್ಳೆಯ ಶಿಷ್ಯರನ್ನು ಆಯ್ದು ಅಲ್ಲಿಗೆ ಕಲಿಯಲು ಕಳಿಸಿದರು. ನಮ್ಮ ತಾಲೀಮಿನ ಹುಡುಗ ಪಕ್ಕದೂರಿನ ತಾಲೀಮಿಗೆ ಒಂದು ವಾರ ಹೋಗಿ ಬಂದರೆ ಮಾತು ಬಿಡುವ ವಸ್ತಾದರು ಇದನ್ನು ಕೇಳಬೇಕು.

ನಮ್ಮಲ್ಲೂ ಅಂಥವರಿದ್ದಾರೆ. ಭೀಮಾ ದಂಡೆಯ ಹಳ್ಳಿಯೊಂದರ ವಸ್ತಾದರು ಒಬ್ಬ ಹುಡುಗನನ್ನು ಎದುರು ನಿಲ್ಲಿಸಿಕೊಂಡು, “ತಮ್ಮಾ, ಮಣ್ಣಿನ ಕುಸ್ತಿ ನನಗ ಬರ್ತದ. ಮ್ಯಾಟಿನ ಕುಸ್ತಿ ಬರಂಗಿಲ್ಲ. ಬರದದ್ದನ್ನ ಬರ್ತದ ಅಂತ ಹೇಳಿ ನಿನ್ನ ವಯಸ್ಸು ನಾ ತಿನ್ನಬಾರದು, ಧಾರವಾಡಕ್ಕ ಹೋಗು” ಎಂದದ್ದನ್ನು ಕೇಳಿದ್ದೇನೆ. ಆ ಹುಡುಗ ಮುಂದೆ ಏನಾದ ಎಂಬುದು ಇಲ್ಲಿ ಮುಖ್ಯವಲ್ಲ.

ಮಣ್ಣು ಮತ್ತು ಮ್ಯಾಟಿನ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಹುಡುಗರ ಭವಿಷ್ಯ ಕೆಡುತ್ತಿರುವುದು ಇಲ್ಲೇ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವ ತನಕ ಆಟ. ತಾಳ್ಮೆ ಬೇಕು, ದಮ್ಮು ಬೇಕು, ಗಟ್ಟಿ ಹಿಡಿತ ಬೇಕು. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು. ಕಣದ ಗೆರೆ ದಾಟಿಸಿದರೂ ಅಂಕ, ಹಿಂದೆ ಹೋಗಿ ಹಿಡಿದರೂ ಅಂಕ. ಕಾಲಿಗೆ ನುಗ್ಗುವ ವೇಗವೇ ಅಲ್ಲಿ ಬಂಡವಾಳ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವರು ನೆರೆರಾಜ್ಯದ ಸಾತಾರಾ ಜಿಲ್ಲೆಯ ಗೋಳೇಶ್ವರದವರು, ತಂದೆಯಿಂದಲೇ ಕುಸ್ತಿ ಕಲಿತವರು. 1948ರ ಲಂಡನ್ನಿನಲ್ಲಿ ಮ್ಯಾಟಿನ ಅಭ್ಯಾಸವಿಲ್ಲದೆ, ಅಲ್ಲಿನ ನಿಯಮಗಳ ಪಳಗುವಿಕೆ ಇಲ್ಲದೆ ಆರನೆಯವರಾದರು. ಅಲ್ಲಿ ಸಿಕ್ಕ ವಿದೇಶಿ ತರಬೇತುದಾರನಿಂದ ಕಲಿತರು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಕಂಚು. ಅವರನ್ನು ಅಲ್ಲಿಗೆ ಕಳಿಸಲು ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ತಂದರು. ಅವರು ಪಟ್ಟು ಕಲಿಸಿದ ವಸ್ತಾದರಲ್ಲ, ಆದರೂ ಗುರುವಿನ ಕೆಲಸ ಮಾಡಿದವರ ಸಾಲಿನಲ್ಲಿ ನಾನು ಅವರನ್ನು ಮೊದಲು ಇಡುತ್ತೇನೆ. ಅದೇ ಹೆಲ್ಸಿಂಕಿಯಲ್ಲಿ ಒಂದು ಕುಸ್ತಿ ಮುಗಿದೊಡನೆ, ಸಿಗಬೇಕಾದ ಅರ್ಧ ಗಂಟೆಯ ಬಿಡುವೂ ಇಲ್ಲದೆ ಇನ್ನೊಂದಕ್ಕೆ ಖಾಶಾಬಾರನ್ನು ಇಳಿಸಲಾಯಿತು. ನಿಯಮ ತೋರಿಸಿ ಜಗಳವಾಡಬೇಕಾದ ನಮ್ಮ ಅಧಿಕಾರಿ ಅಲ್ಲಿರಲಿಲ್ಲ. ಕುಸ್ತಿಪಟು ತಪ್ಪದೆಯೂ ಸೋಲುತ್ತಾನೆ, ಅವನ ಹಿಂದೆ ನಿಲ್ಲಬೇಕಾದವರು ತಪ್ಪಿದಾಗ.

ಈಗ ಇನ್ನೂ ಕಠಿಣವಾದ ಮಾತು, ಮೂಳೆಯದು. ಪಟ್ಟು ಕಲಿಸುವವರೇ ಉಳುಕು ತೆಗೆಯುವುದು, ಎಲುಬು ಕೂಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮೈಸೂರಿನ ಜಟ್ಟಿಗಳೂ ಇದಕ್ಕೆ ಹೆಸರಾದವರು. ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಒಂದು ಹನಿ ರಕ್ತ ಕಂಡೊಡನೆ ಹಿರಿಯರು ಆಟ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬ ಆ ತಿಳಿವಳಿಕೆಗೆ ನಾನು ಕೈಮುಗಿಯುತ್ತೇನೆ. ಅನೇಕ ವಸ್ತಾದರ ಕೈಗುಣವೂ ನಿಜ, ಜಾರಿದ ಭುಜ ಕೂಡಿಸಿದ್ದನ್ನು ನೋಡಿದವರು ಈ ಸಭೆಯಲ್ಲೇ ಇದ್ದೀರಿ. ಆದರೆ ಮುರಿದ ಕೈಗೆ ಬಿದಿರಿನ ಪಟ್ಟಿಯಿಟ್ಟು ಬಿಗಿದು ಕಟ್ಟಿದಾಗ ಬಾವು ಏರಿ, ರಕ್ತದ ಓಡಾಟ ನಿಂತು, ಬೆರಳು ಕಪ್ಪಾಗಿ ಕೊನೆಗೆ ಕೈ ತೆಗೆಯಬೇಕಾಗಿ ಬರುವುದೂ ಅಷ್ಟೇ ನಿಜ. ಮೂಳೆ ವೈದ್ಯರಿಗೆ ಇದು ಹೊಸ ಸಂಗತಿಯಲ್ಲ. ಬೆರಳು ತಣ್ಣಗಾದರೆ, ಮರಗಟ್ಟಿದರೆ, ಬೆರಳು ಮಡಿಸಿ ಬಿಚ್ಚುವಾಗ ತಡೆಯಲಾರದ ನೋವು ಬಂದರೆ ಕಟ್ಟು ಸಡಿಲಿಸಿ ಆ ಗಳಿಗೆಯಲ್ಲೇ ದವಾಖಾನೆಗೆ ಒಯ್ಯಬೇಕು. ಕುತ್ತಿಗೆಗೆ ಪೆಟ್ಟಾದ ಹುಡುಗನನ್ನು ರಟ್ಟೆ ಹಿಡಿದು ಎಬ್ಬಿಸಬಾರದು, ಬೆನ್ನ ಮೇಲೆ ಹಾಕಿಕೊಂಡು ಓಡಬಾರದು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ಆಂಬುಲೆನ್ಸ್ ಬರುವ ತನಕ ಬಿದ್ದಲ್ಲೇ ಮಲಗಿಸಿರಬೇಕು. ಇದನ್ನು ದತ್ತಿ ಉಪನ್ಯಾಸದಲ್ಲಿ ಹೇಳಬೇಕೇ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಹೇಳಬೇಕು. ವಸ್ತಾದರ ಮುಂದೆ ಇದನ್ನು ಹೇಳುವ ಧೈರ್ಯ ಆ ಹುಡುಗನ ತಂದೆತಾಯಿಗೆ ಇರುವುದಿಲ್ಲ.

ತೂಕ ಇಳಿಸುವುದೂ ಇದೇ ಜಾತಿಯ ತಪ್ಪು. ಕೆಳಗಿನ ತೂಕದಲ್ಲಿ ಆಡಿಸಿದರೆ ಗೆಲ್ಲುತ್ತಾನೆಂದು ಹುಡುಗನಿಗೆ ನೀರು ಬಿಡಿಸುವುದು, ಬಿಸಿಲಲ್ಲಿ ದಪ್ಪ ಬಟ್ಟೆ ಹಾಕಿ ಓಡಿಸುವುದು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಅಲ್ಲಿ ನಿಯಮಗಳನ್ನೇ ಬದಲಿಸಿದರು. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿದೆ.

ಕಟ್ಟೆಯ ಮೇಲಿನ ಗುರುವನ್ನು ಶಿಷ್ಯರ ಭಕ್ತಿಯೇ ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಚೀನಾದ ಒಂದು ಘಟನೆ ಹೇಳುತ್ತೇನೆ. 2017ರಲ್ಲಿ ಚೆಂಗ್ದುವಿನಲ್ಲಿ ವೇಯಿ ಲೇಯಿ ಎಂಬ ತಾಯಿಚಿ ಗುರು, ಷು ಷಿಯಾವೊದೊಂಗ್ ಎಂಬ ಆಧುನಿಕ ಮಿಶ್ರ ಸಮರ ಕಲೆಯ ಪಟುವಿನ ಎದುರು ನಿಂತರು. ಅರ್ಧ ನಿಮಿಷವೂ ಹಿಡಿಯಲಿಲ್ಲ, ಗುರು ನೆಲದ ಮೇಲಿದ್ದರು. ಆ ಗುರು ಠಕ್ಕನೆಂದು ನಾನು ಹೇಳಲಾರೆ. ಠಕ್ಕನಾದವನು ಕಣಕ್ಕೇ ಇಳಿಯುತ್ತಿರಲಿಲ್ಲ. ಕೈ ಸೋಕುವ ಮೊದಲೇ ಗೌರವಕ್ಕೆ ಬೀಳುವ ಶಿಷ್ಯರ ನಡುವೆ ಬದುಕಿದರೆ ತನ್ನ ಕೈಯಲ್ಲಿ ಶಕ್ತಿ ಇದೆಯೆಂದು ಯಾರಿಗಾದರೂ ಅನ್ನಿಸುತ್ತದೆ. ಗುರುವಿಗಾಗಿ ಸುಳ್ಳೇ ಬೀಳುವ ಶಿಷ್ಯನು ಗುರುಭಕ್ತನಲ್ಲ, ಗುರುವಿಗೆ ಅನ್ಯಾಯ ಮಾಡಿದವನು.

ನಮ್ಮ ತಾಲೂಕುಗಳಲ್ಲೂ ಈಗ ಕರಾಟೆ ತರಗತಿಗಳು ಬಂದಿವೆ. ಮಕ್ಕಳ ಮೈ ಆಡುತ್ತದೆ, ಶಿಸ್ತು ಬರುತ್ತದೆ, ಸಂತೋಷ. ಎಂಟು ವರ್ಷದ ಮಗುವಿಗೆ ಕಪ್ಪು ಪಟ್ಟಿ ಕಟ್ಟುವುದು ಮಾತ್ರ ಮಗುವಿಗೂ ವಿದ್ಯೆಗೂ ಒಳ್ಳೆಯದಲ್ಲ. ಅದಕ್ಕಿಂತ ಹೆಚ್ಚಿನ ಆತಂಕ ನನಗಿರುವುದು ಹೆಣ್ಣುಮಕ್ಕಳ ಆತ್ಮರಕ್ಷಣೆಯ ತರಬೇತಿಯ ಬಗ್ಗೆ. ಸರ್ಕಾರಿ ಶಾಲೆಗಳಲ್ಲಿ ಇಂಥ ತರಬೇತಿ ನಡೆಯುತ್ತಿರುವುದು ಬಹಳ ಒಳ್ಳೆಯ ಕೆಲಸ. ಆದರೆ ಕೆಲವು ವಾರಗಳ ಪಾಠದಿಂದ ಚಾಕು ಹಿಡಿದವನ ಕೈಯಿಂದ ಚಾಕು ಕಸಿಯಬಹುದು ಎಂದು ಹುಡುಗಿಗೆ ಹೇಳುವ ಶಿಕ್ಷಕ ಅವಳ ಜೀವವನ್ನು ಅಪಾಯಕ್ಕೆ ಒಡ್ಡುತ್ತಾನೆ. ಕೂಗು, ಓಡು, ಜನರಿರುವ ಕಡೆ ಸೇರು, 112ಕ್ಕೆ ಫೋನು ಮಾಡು, ಬೇರೆ ದಾರಿಯೇ ಇಲ್ಲದಾಗ ಹೊಡೆ ಎಂದು ಹೇಳಿಕೊಡುವವನು ಪ್ರದರ್ಶನದ ದಿನ ಚಪ್ಪಾಳೆ ಕಡಿಮೆ ಗಿಟ್ಟಿಸುತ್ತಾನೆ, ಆದರೆ ತನ್ನ ವಿದ್ಯೆಯ ಮಿತಿ ಬಲ್ಲವನು ಅವನೇ.

ಸೋಲು ಒಪ್ಪುವುದನ್ನು ಕಲಿಸದಿದ್ದರೆ ಏನಾಗುತ್ತದೆ ಎಂಬುದನ್ನು ನೆರೆರಾಜ್ಯದಲ್ಲಿ ಕಂಡೆವು. 2025ರ ಫೆಬ್ರವರಿಯಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿಯ ಉಪಾಂತ್ಯದಲ್ಲಿ ತೀರ್ಪು ಒಪ್ಪದ ಪೈಲ್ವಾನ ಪಂಚರನ್ನೇ ಒದ್ದು ಮೂರು ವರ್ಷದ ನಿಷೇಧಕ್ಕೆ ಒಳಗಾದ. ಪಂಚರೂ ತಪ್ಪಬಹುದು, ಅದನ್ನು ನೋಡಲು ಮೇಲ್ಮನವಿಯ ದಾರಿ ಸರಿಯಾಗಿರಲೇಬೇಕು. ಆದರೂ ಆ ಕಾಲು ಎದ್ದದ್ದು ಒಂದು ಕ್ಷಣದ ಸಿಟ್ಟಿನಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ.

ನಮ್ಮ ನೆಲಕ್ಕೇ ಸೇರಿದ ಇನ್ನೊಂದು ಗುರುಪರಂಪರೆಯನ್ನು ನೆನೆಯದೆ ಚಡಚಣದಲ್ಲಿ ಮಾತು ಮುಗಿಸಲಾರೆ. ಇದು ಸಿಂಪಿ ಲಿಂಗಣ್ಣನವರ ಊರು. ಪಕ್ಕದಲ್ಲೇ ಹಲಸಂಗಿ, ಮಧುರಚೆನ್ನರ ಊರು. ಇವರ ಹಲಸಂಗಿ ಗೆಳೆಯರ ಗುಂಪು 1931ರಲ್ಲಿ ಗರತಿಯ ಹಾಡು ಎಂಬ ಜನಪದ ಹಾಡುಗಳ ಸಂಕಲನ ತಂದಾಗ ಮಾಡಿದ್ದೇನು? ಓದು ಬಲ್ಲವರು, ಬರೆಯಬಲ್ಲವರು, ಅಕ್ಷರ ಬಾರದ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹತ್ತಿರ ಹೋಗಿ ಕೂತು ಕಲಿತರು. ಕಾವ್ಯ ನಮಗೆ ಗೊತ್ತು ಎಂದು ಕಟ್ಟೆಯ ಮೇಲೆ ಕೂತಿದ್ದರೆ ಆ ಹಾಡುಗಳು ಹಾಡಿದವರ ಜೊತೆಗೇ ಹೋಗುತ್ತಿದ್ದವು. ಅಂಗಳಕ್ಕೆ ಇಳಿದ ಆ ಗುರುಗಳು ನಮ್ಮವರು. ಗರಡಿಯ ವಸ್ತಾದರಿಗೆ ಮಾದರಿ ಹುಡುಕಲು ನಾವು ಜಪಾನಿನ ತನಕ ಹೋಗಲೇಬೇಕೆಂದಿಲ್ಲ.

ಇನ್ನು ನಾನು ವಸ್ತಾದರಲ್ಲಿ ಕೇಳಿಕೊಳ್ಳುವುದು ಇಷ್ಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಜಾಗ ಕೊಟ್ಟು, ಮಲ್ಲರ ವರ್ಗ, ಆಹಾರ, ಅಭ್ಯಾಸ ಎಲ್ಲವನ್ನೂ ಬರೆದಿಟ್ಟ. ಆ ರಾಜ್ಯದ ನೆಲದಲ್ಲಿರುವ ನಮ್ಮ ತಾಲೀಮುಗಳಲ್ಲಿ ಒಂದು ದಾಖಲೆ ಪುಸ್ತಕವೂ ಇಲ್ಲ. ಯಾವ ಹುಡುಗನಿಗೆ ಯಾವಾಗ ಏನು ಪೆಟ್ಟಾಯಿತು, ಯಾರು ನೋಡಿದರು, ಆಮೇಲೆ ಏನಾಯಿತು ಎಂದು ಬರೆದಿಡಿ. ಒಂದು ವರ್ಷದ ಪುಸ್ತಕ ತಿರುವಿದರೆ ಯಾವ ಪಟ್ಟನ್ನು ತಪ್ಪಾಗಿ ಕಲಿಸುತ್ತಿದ್ದೇವೆ ಎಂಬುದು ತಾನಾಗಿ ತಿಳಿಯುತ್ತದೆ. ತಿಂಗಳಿಗೊಮ್ಮೆಯಾದರೂ ಬೇರೆ ತಾಲೀಮಿನ ವಸ್ತಾದರನ್ನು ಕರೆಸಿ ನಿಮ್ಮ ಹುಡುಗರ ಜೋರು ತೋರಿಸಿ, ಅವರು ಹೇಳುವುದನ್ನು ಹುಡುಗರ ಎದುರೇ ಕೇಳಿ.

ಹೆಣ್ಣುಮಕ್ಕಳೂ ಈಗ ಕಣಕ್ಕೆ ಬರುತ್ತಿದ್ದಾರೆ. 2023ರ ಜನವರಿಯಲ್ಲಿ ದೇಶದ ಪದಕ ಗೆದ್ದ ಕುಸ್ತಿಪಟುಗಳೇ ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಅಷ್ಟು ಹೆಸರು ಮಾಡಿದವರಿಗೇ ಬೀದಿಗೆ ಬರದೆ ಮಾತು ಕೇಳಿಸಲಾಗಲಿಲ್ಲವೆಂದರೆ ಹಳ್ಳಿಯ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆ? ಹಿಡಿದು ಕಲಿಸುವ ವಿದ್ಯೆ ಇದು. ಕಲಿಸುವವನು ಸಜ್ಜನನೇ ಇರಲಿ, ಅವನ ಸಜ್ಜನಿಕೆಯ ಭರವಸೆಯ ಮೇಲೆ ವ್ಯವಸ್ಥೆ ನಿಲ್ಲಬಾರದು. ಹುಡುಗಿಯರ ತಾಲೀಮಿನ ಹೊತ್ತಿನಲ್ಲಿ ಬಾಗಿಲು ತೆರೆದಿರಲಿ. ಹಿಡಿತ ತೋರಿಸಲು ಹಿರಿಯ ಹುಡುಗಿಯರನ್ನು ತಯಾರು ಮಾಡಿ. ಪರ ಊರಿನ ಪಂದ್ಯಕ್ಕೆ ಹೋಗುವಾಗ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು, ಅವರ ಹೋಗಿಬರುವ ಖರ್ಚು ಜಾತ್ರಾ ಕಮಿಟಿಯವರು ಕೊಡಬೇಕು. ಗೆದ್ದವನಿಗೆ ಬೆಳ್ಳಿ ಕಡಗ ಕೊಡಲು ನಮ್ಮಲ್ಲಿ ದುಡ್ಡಿದೆ, ಇದಕ್ಕೂ ಇದೆ. ಮತ್ತು ದಿನವೂ ತಾಯಂದಿರು ಬಂದು ಕೂತು ನೋಡಲು ಆ ಕಟ್ಟೆಯ ಮೇಲೆ ವಸ್ತಾದರು ಸ್ವಲ್ಪ ಸರಿದು ಜಾಗ ಕೊಡಬೇಕು.